ಮಣೆಗೊಂದು ಜಾಗ

ಪೆಟ್ಟಿಗೆಯಿಂದ ಹೊರಬಂದದ್ದನ್ನು ನೋಡಿದ್ದೇ ನಮ್ಮತ್ತೆ ಬೆಟ್ಟಮ್ಮ ತೀರ್ಪು ಕೊಟ್ಟುಬಿಟ್ಟರು.

"ಅಯ್ಯೋ ಮಗ, ನಿಂಗ್ಯಾರೋ ಚೆನ್ನಾಗಿ ಟೋಪಿ ಹಾಕವ್ರೆ ಕಣವ್ವ. ಇದ್ಯಾವ ಸೀಮೆ ಡಿಶ್ಶು? ಇದು ಮಣೆ."

ಡಿಶ್ಶು ಅಂದರೆ ಬಾಣಲೆಯ ಹಾಗೆ ಗುಂಡಗಿರಬೇಕು ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಟಿವಿಗೆ ಹಾಕಿಸಿದ್ದು ಹಾಗೇ ಇದೆ. ನಾನು ತರಿಸಿದ್ದು ಬೆಳ್ಳಗೆ, ಚಪ್ಪಟೆಯಾಗಿದ್ದ ಒಂದು ಹಲಗೆ. ಅದರ ಬೆನ್ನಿಗೆ ಮಡಚುವ ಒಂದು ಕಾಲು. ನಿಜ ಹೇಳಬೇಕೆಂದರೆ ಅದರ ಮೇಲೆ ಕೂತು ಊಟ ಮಾಡಬಹುದಿತ್ತು. ‘ಇದು ಉಪಗ್ರಹದ ಇಂಟರ್ನೆಟ್ಟು ಅತ್ತೆ’ ಎಂದು ಒಂದೆರಡು ಸಲ ತಿದ್ದಿದೆ. ಆಮೇಲೆ ನನ್ನ ಬಾಯಲ್ಲೂ ಮಣೆಯೇ ಬರತೊಡಗಿತು.

ಅದು ನನಗೆ ಯಾಕೆ ಬೇಕಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೇಘನ, ಬೆಳ್ಳೂರು ಕ್ರಾಸಿನ ಹೋಟೆಲಿನವರ ಮಗಳು. ನನ್ನ ತಂಗಿ ಸ್ನೇಹಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಜೊತೆ ಜಗಳ ಆಡುವುದಕ್ಕೆಂದೇ ಕಲಿತ ಸನ್ನೆ ಭಾಷೆ ಕೊನೆಗೆ ನನಗೆ ಅನ್ನ ಹಾಕಿತು. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ವಿಡಿಯೋದಲ್ಲಿ ನಮ್ಮ ಕಚೇರಿಗೆ ಕರೆ ಮಾಡುತ್ತಾರೆ. ಅಲ್ಲಿ ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ನಾನು ಕೈಯಲ್ಲಿ ಹೇಳುತ್ತೇನೆ, ಇವರು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತೇನೆ. ಮೊದಲು ಮೈಸೂರಿನಲ್ಲಿ ಕೂತು ಮಾಡುತ್ತಿದ್ದ ಕೆಲಸ. ಮದುವೆಯಾಗಿ ಕಿಕ್ಕೇರಿ ಹತ್ತಿರದ ಈ ಊರಿಗೆ ಬಂದ ಮೇಲೆ ‘ಮನೆಯಿಂದಲೇ ಮಾಡುತ್ತೇನೆ’ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ.

ಒಪ್ಪಿಸಿದ್ದೇನೋ ಸರಿ. ಆದರೆ ನಮ್ಮೂರಿಗೆ ನೆಟ್ಟು ಬರುವುದೂ ಒಂದೇ, ಅವಸರದ ನೆಂಟರು ಬರುವುದೂ ಒಂದೇ. ಬಂದೆ ಅನ್ನುವಷ್ಟರಲ್ಲಿ ಹೊರಟಿರುತ್ತದೆ. ಬಾಯಿಮಾತಾದರೆ ‘ಹಲೋ, ಹಲೋ’ ಅಂದು ಹೇಗೋ ಸುಧಾರಿಸಬಹುದು. ಕೈಮಾತಿಗೆ ಆ ಅನುಕೂಲ ಇಲ್ಲ. ‘ದಿನಕ್ಕೆ ಎರಡು ಮಾತ್ರೆ’ ಎಂದು ನಾನು ತೋರಿಸುವಾಗ ಚಿತ್ರ ಒಂದು ಗಳಿಗೆ ನಿಂತು ಮುಂದಕ್ಕೆ ಹಾರಿದರೆ, ಆ ಕಡೆಯವರಿಗೆ ಮಾತ್ರೆ ಕಂಡಿರುತ್ತದೆ, ಎಷ್ಟು ಎನ್ನುವುದು ಕಂಡಿರುವುದಿಲ್ಲ. ದೂರು ಬಂದವು, ಬರದೆ ಇರುತ್ತವೆಯೇ? ನಮ್ಮ ಮೇಲಿನವರಾದ ಶಂಕರ್ ಸರ್ ಮೆತ್ತಗೆ ಮಾತಾಡುವವರು, ಮೆತ್ತಗೇ ಹೇಳಿದರು.

"ಸೋಮವಾರ ನಿಮ್ಮ ಕರೆಯಲ್ಲಿ ನಾನೂ ಕೂತು ನೋಡ್ತೀನಿ ಮೇಘನ. ಚಿತ್ರ ನಿಲ್ಲದೆ ಬಂದ್ರೆ ಸರಿ. ನಿಂತ್ರೆ ಮೈಸೂರಿಗೆ ಬಂದ್ಬಿಡಿ, ಬೇರೆ ದಾರಿ ಇಲ್ಲ."

ಮೈಸೂರು ಅಂದರೆ ಪಿ.ಜಿ. ಕೋಣೆ, ಅಲ್ಲಿಯ ನೀರು ಸಾಂಬಾರು, ಭಾನುವಾರಕ್ಕೊಮ್ಮೆ ಊರು. ಹೊಸ ಹುಡುಗಿ, ಗಂಡನನ್ನು ಬಿಟ್ಟಿರಬೇಕಲ್ಲ ಎಂದು ಎಲ್ಲರೂ ಮರುಗಿದರು. ಅದೂ ಹೌದು ಅನ್ನಿ, ಅಶೋಕ್ ಒಳ್ಳೆಯವನೇ. ಕಿಕ್ಕೇರಿಯಲ್ಲಿ ಅವನಿಗೊಂದು ಗೊಬ್ಬರದ ಅಂಗಡಿ ಇದೆ, ನನ್ನ ಸಿಟ್ಟನ್ನು ತಡೆದುಕೊಳ್ಳುವ ತಾಳ್ಮೆಯೂ ಇದೆ. ಆದರೆ ನಾನು ಬಿಟ್ಟಿರಲಾಗದವರು ನಮ್ಮತ್ತೆ. ಸ್ನೇಹ ಮೊದಲ ಸಲ ಈ ಮನೆಗೆ ಬಂದಾಗ ಬಂದವರೆಲ್ಲ ಅವಳ ಕಿವಿಗೆ ಬಾಯಿಟ್ಟು ಕಿರುಚಿದ್ದರು. ಅತ್ತೆ ಮಾತ್ರ ನನ್ನನ್ನು ಅಡುಗೆ ಮನೆಗೆ ಕರೆದು, "ಇನ್ನೊಂದು ಮುದ್ದೆ ಹಾಕ್ಲಾ ಅನ್ನಕ್ಕೆ ಎಂಗೆ ಕೈ ಮಾಡ್ಬೇಕು, ತೋರ್ಸು ಮಗ" ಎಂದು ಕೇಳಿ ಕಲಿತು, ಹೋಗಿ ಹಾಗೇ ಕೇಳಿದ್ದರು. ನನ್ನ ತಂಗಿ ಬೇಡದ ಮುದ್ದೆಯನ್ನೂ ಖುಷಿಗೆ ಉಂಡಳು. ಅಂಥವರನ್ನು ಬಿಟ್ಟು ಹೋಗಿ ಎಂದರೆ ನನಗೆ ಅಳುವೇ ಬರುತ್ತದೆ.

ಅದಕ್ಕೇ ಮಣೆ ಬಂದದ್ದು. ಈಗ ಅದನ್ನು ಎಲ್ಲಿ ಕೂರಿಸುವುದು ಎಂಬುದು ತಲೆನೋವಾಯಿತು.

ಟಿವಿಯ ಡಿಶ್ಶಿಗೆ ಆಕಾಶದಲ್ಲಿ ಒಂದು ಕಡೆ ಕಂಡರೆ ಸಾಕು. ಇದಕ್ಕೆ ಹಾಗಲ್ಲ. ಉಪಗ್ರಹಗಳು ಒಂದರ ಹಿಂದೆ ಒಂದು ಓಡುತ್ತಲೇ ಇರುತ್ತವೆ, ಒಂದು ಮರೆಯಾಗುವುದರೊಳಗೆ ಇನ್ನೊಂದು ಇದರ ಕಣ್ಣಿಗೆ ಬೀಳಬೇಕು. ಅದಕ್ಕೆ ನೆತ್ತಿಯ ಮೇಲೂ ಸುತ್ತಲೂ ಬಯಲಿರಬೇಕು. ಅಶೋಕ್ ಇದನ್ನು ಫೋನಿನಲ್ಲಿ ಚಿತ್ರ ತೋರಿಸಿ ವಿವರಿಸಿದ. ಅತ್ತೆ ಅರ್ಧಕ್ಕೇ ತಡೆದರು.

"ಗೊತ್ತಾಯ್ತು ಬುಡ್ಲಾ. ಕಿಕ್ಕೇರಿ ಬಸ್ಸಿದ್ದಂಗೆ. ಒಂದು ಓದ್ರೆ ಇನ್ನೊಂದು ಬತ್ತದೆ. ಮಧ್ಯ ತೆಂಗಿನ್ ಮರ ಅಡ್ಡ ಬಂದ್ರೆ ಬಸ್ಸು ಕಾಣಕಿಲ್ಲ, ಕೈ ಅಡ್ಡ ಹಾಕಕ್ಕಾಗಕಿಲ್ಲ. ಅಷ್ಟೇ ತಾನೆ?"

ಅಷ್ಟೇ. ಕಂಪನಿಯವರು ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಜಾಗ ಹುಡುಕಲು ಫೋನಿನಲ್ಲಿ ಒಂದು ಆ್ಯಪ್ ಇತ್ತು. ನಿಂತ ಕಡೆಯಿಂದ ಫೋನನ್ನು ಆಕಾಶಕ್ಕೆ ಹಿಡಿದು ಸುತ್ತ ತಿರುಗಿಸಿದರೆ, ಬಯಲಿದ್ದ ಕಡೆ ನೀಲಿ, ಅಡ್ಡ ಇದ್ದ ಕಡೆ ಕೆಂಪು ತೋರಿಸುತ್ತದೆ. ನಮ್ಮದು ಹೆಂಚಿನ ಮನೆ, ಸುತ್ತ ತೆಂಗು. ಮನೆಯ ನೆತ್ತಿಯ ಮೇಲೆ ಅಶೋಕ್ ಹತ್ತಿ ನೋಡಿದರೆ ಫೋನಿನ ತುಂಬ ಕೆಂಪು, ಜೊತೆಗೆ ಒಡೆದ ಹೆಂಚು. ಕೊಟ್ಟಿಗೆಯ ಮೇಲೂ ಕೆಂಪು. ಹುಲ್ಲಿನ ಮೆದೆಯ ಮೇಲೆ ನೀಲಿ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಹಸು ದಿನವೂ ಕೆಳಗಿನಿಂದ ತಿನ್ನುತ್ತಿದ್ದ ಮೆದೆ ಅದು, ನಮ್ಮ ಇಂಟರ್ನೆಟ್ಟು ಯುಗಾದಿಯ ಹೊತ್ತಿಗೆ ನೆಲಕ್ಕೆ ಬಂದಿರುತ್ತಿತ್ತು. ದೂರದ ಗದ್ದೆ ಬಯಲಿಗೆ ಒಯ್ಯೋಣವೆಂದರೆ ತಂತಿ ತಲೆಬಾಗಿಲು ದಾಟಿ ಸ್ವಲ್ಪಕ್ಕೇ ಮುಗಿಯುತ್ತಿತ್ತು. ಮಾವ ಕುಳ್ಳಯ್ಯ ಇದನ್ನೆಲ್ಲ ಜಗಲಿಯಿಂದ ನೋಡುತ್ತ ಕೂತಿದ್ದರು. ಹೆಸರು ಕುಳ್ಳಯ್ಯ, ಆಳು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಮಾತು ಮಾತ್ರ ಹೆಸರಿಗೆ ತಕ್ಕಂತೆ ಕುಳ್ಳ.

ಶುಕ್ರವಾರ ಅಂಗಳದ ನಡುವೆ ಹಳೆಯ ಮಂಚದ ಮೇಲೆ ಮಣೆಯನ್ನು ಇಟ್ಟು, ಒಳಗೆ ಕೂತು ಸ್ನೇಹಳಿಗೆ ವಿಡಿಯೋ ಕರೆ ಮಾಡಿದೆ. ಮೊದಮೊದಲು ಆಗೊಮ್ಮೆ ಈಗೊಮ್ಮೆ ನಿಂತರೂ ಪರವಾಗಿಲ್ಲ ಅನ್ನಿಸಿತು. ಆಮೇಲೆ ಒಂದೇ ಸಮನೆ ನಿಲ್ಲತೊಡಗಿತು. ಕೊನೆಗೆ ಸ್ನೇಹ ಬಾಯಿ ತೆರೆದುಕೊಂಡು ಹಾಗೇ ಚಿತ್ರವಾಗಿ ಹೋದಳು. ಹೊರಗೆ ಬಂದು ನೋಡುತ್ತೇನೆ, ಅತ್ತೆ ಮಣೆಯ ಮೇಲೆ ಒದ್ದೆ ಪಂಚೆ ಹಾಸಿ ಸಾಲಾಗಿ ಅಕ್ಕಿ ಸಂಡಿಗೆ ಇಡುತ್ತಿದ್ದಾರೆ!

"ಅತ್ತೇ!"

"ಯಾಕಂಗ್ ಕೂಗ್ತೀಯ ಮಗ? ಮುಟ್ಟಿ ನೋಡು, ಒಳ್ಳೆ ಬೆಚ್ಚಗೈತೆ. ಮೇಲೆ ಬಿಸ್ಲು, ಕೆಳಗೆ ಕಾವು. ಮಧ್ಯಾನಕ್ಕೇ ಒಣಗೋಯ್ತದೆ."

ನನಗೆ ನೆತ್ತಿಗೇರಿದ ಸಿಟ್ಟು, ಅವರ ಕೈಯ ಸಂಡಿಗೆ ಹಿಟ್ಟು ನೋಡಿ ಅಲ್ಲೇ ನಗೆಯಾಯಿತು. ಇಬ್ಬರೂ ಮಂಚ ಹಿಡಿದುಕೊಂಡು ನಕ್ಕೆವು. ಸಂಡಿಗೆ ತೆಗೆದು ಒರೆಸಿದ ಮೇಲೂ ಚಿತ್ರ ಸುಧಾರಿಸಿದ್ದು ಅಷ್ಟಕ್ಕಷ್ಟೇ. ತೆಂಗಿನ ಗರಿಗಳು ಗಾಳಿಗೆ ತೂಗಿದಾಗಲೆಲ್ಲ ಸ್ನೇಹಳ ಕೈ ಅರ್ಧದಲ್ಲಿ ನಿಲ್ಲುತ್ತಿತ್ತು.

ಆಗ ಅಶೋಕ್, ನಾವಿಬ್ಬರೂ ಮೊದಲ ದಿನದಿಂದ ಕಂಡೂ ಕಾಣದಂತಿದ್ದ ಕಡೆಗೆ ಫೋನು ತಿರುಗಿಸಿದ. ಪಕ್ಕದ ದಿಬ್ಬದ ಮೇಲೆ ಅವನ ಚಿಕ್ಕಪ್ಪ ಸೋಮಯ್ಯನವರ ತಾರಸಿ ಮನೆ ಇದೆ, ಕೆಳಗೊಂದು ಮೇಲೊಂದು ಅಂತಸ್ತು. ನಮ್ಮ ತೆಂಗಿನ ತಲೆಗಳೆಲ್ಲ ಆ ತಾರಸಿಯ ಕೆಳಗೇ ಉಳಿಯುತ್ತವೆ. ಅಲ್ಲಿಂದ ನಮ್ಮ ಕೋಣೆಯ ಕಿಟಕಿಗೆ ತಂತಿಯೂ ಲೆಕ್ಕ ಹಾಕಿದಂತೆ ಸಾಲುತ್ತಿತ್ತು.

"ಅವ್ವ, ಚಿಕ್ಕವ್ವನ್ನ ಒಂದ್ ಮಾತು ಕೇಳ್ಬುಡ್ಲಾ?" ಎಂದ ಅಶೋಕ್.

ಅತ್ತೆಯ ಮುಖ ತಕ್ಷಣ ಗಂಟಾಯಿತು. "ಆ ಮನೆ ಬಾಗ್ಲಲ್ಲಿ ನನ್ ಮಗ ಕೈ ಚಾಚಿ ನಿಂತ್ರೆ, ನಾನು ಈ ಮನೇಲಿ ನೀರ್ ಮುಟ್ಟಕಿಲ್ಲ."

ಸೋಮಯ್ಯನವರ ಹೆಂಡತಿ ಚಿಕ್ಕಬೋರಮ್ಮ, ನನಗೆ ಚಿಕ್ಕತ್ತೆ, ನಮ್ಮತ್ತೆಯ ವಾರಗಿತ್ತಿ. ನಾನು ಈ ಊರಿಗೆ ಬರುವ ಎಷ್ಟೋ ಮೊದಲೇ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಅಣ್ಣ ತಮ್ಮ ದಿನಾ ಟೀ ಅಂಗಡಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಾವು ಚಿಕ್ಕವರು ಹೋಗುತ್ತೇವೆ, ಬರುತ್ತೇವೆ. ಆ ಇಬ್ಬರು ಹೆಂಗಸರು ಮಾತ್ರ ಬೀದಿಯಲ್ಲಿ ಎದುರಾದರೆ, ಒಬ್ಬರು ಕರಿಘಟ್ಟದ ದೇವರ ಕಡೆ ಕೈಮುಗಿಯುವವರ ಹಾಗೆ ಅತ್ತ ನೋಡುತ್ತಾರೆ, ಇನ್ನೊಬ್ಬರು ಕಾಲುಂಗುರ ಸರಿಮಾಡಿಕೊಳ್ಳುತ್ತಾರೆ. ಕಾರಣವನ್ನು ಯಾರೂ ನನಗೆ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಮರ ಹತ್ತುವವನಿಗೆ ಹೇಳಿಕಳಿಸಲು ಹೊರಟರು. ಅಂಗಳದ ನಾಲ್ಕು ತೆಂಗಿನ ಮರಗಳನ್ನು ಕಡಿಸಿಬಿಡುತ್ತಾರಂತೆ. ನಾಲ್ಕೂ ಗೊನೆ ಬಿಟ್ಟ ಮರಗಳು.

"ಅವ್ವ, ಫಲ ಬಿಡೋ ಮರ!" ಅಶೋಕ್ ಗಾಬರಿಯಾದ.

"ಬಿಡ್ಲಿ ಬುಡು. ಕಾಯಿ ದುಡ್ಡು ಕೊಟ್ರೆ ಅಂಗ್ಡೀಲಿ ಸಿಕ್ತದೆ. ಸೊಸೆ ಸಿಕ್ಕಾಳಾ?"

ಅಶೋಕ್ ನನ್ನನ್ನು ಹಿತ್ತಲಿಗೆ ಕರೆದು ಹಳೆಯ ಕಥೆ ಹೇಳಿದ. ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶ. ಮನೆಗೆ ಹಿರಿಯ ಸೊಸೆ ಅಂದರೆ ಅತ್ತೆ. ಅವರು ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ನೆಂಟರು, ಇಷ್ಟರು, ಕೆಲಸದವರು ಎಲ್ಲರನ್ನೂ ‘ಊಟಕ್ಕೆ ಏಳಿ, ಊಟಕ್ಕೆ ಏಳಿ’ ಎಂದು ಕರೆದರಂತೆ, ಅತ್ತೆಯನ್ನು ಯಾರೂ ಕರೆಯಲಿಲ್ಲ. ಕೊನೆಯ ಪಂಕ್ತಿಯೂ ಎದ್ದಿತು. ಅತ್ತೆ ಸೆರಗು ಕೊಡವಿಕೊಂಡು ಎದ್ದು ಮನೆಗೆ ಬಂದು, ರಾತ್ರಿಯ ತಂಗಳು ಮುದ್ದೆ ತಿಂದರು. ಹಿರಿ ಸೊಸೆಗೆ ಮಣೆ ಹಾಕದ ಮನೆಗೆ ಇನ್ನು ಕಾಲಿಡುವುದಿಲ್ಲ ಎಂದರು.

ಊಟಕ್ಕೆ ಕರೆಯದೆ ಹೋದದ್ದಕ್ಕೆ ಇಷ್ಟು ವರ್ಷದ ಸಿಟ್ಟೇ ಎಂದು ಕೇಳಬೇಡಿ. ನಮ್ಮ ಕಡೆ ಹೊಲದ ಬದು ಒತ್ತಿದ್ದನ್ನು ಮರೆತಾರು, ಊಟಕ್ಕೆ ಏಳು ಅನ್ನದ್ದನ್ನು ಮರೆಯುವುದಿಲ್ಲ.

ನಾನು ಒಳಗೆ ಹೋಗಿ ಅತ್ತೆಯ ಪಕ್ಕ ಕೂತೆ. "ಅತ್ತೆ, ಮರ ಕಡೀಬೇಡಿ. ನಾನು ಮೈಸೂರಿಗೆ ಹೋಗ್ತೀನಿ. ವಾರಕ್ಕೊಂದ್ಸಲ ಬರ್ತೀನಲ್ಲ" ಎಂದೆ. ಧೈರ್ಯವಾಗಿಯೇ ಹೇಳಬೇಕೆಂದಿದ್ದೆ, ಆಗಲಿಲ್ಲ. ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸವರಿದರು. ಆಮೇಲೆ ಜಗಲಿಗೆ ಕೇಳುವಂತೆ ಗಂಡನನ್ನು ಕೂಗಿದರು.

"ನೋಡೀ, ಟೀ ಅಂಗ್ಡೀಗೆ ಓಯ್ತೀರಲ್ಲ, ನಿಮ್ ತಮ್ಮಂಗೆ ಒಂದ್ ಮಾತ್ ಯೋಳಿ. ನಾಳೆ ನಾನೇ ಬತ್ತೀನಿ. ಅವ್ರ ಮನೇಲಿ ನಮ್ ಮಣೆಗೊಂದು ಜಾಗ ಬೇಕು ಅಂತ ಯೋಳಿ. ಮಿಕ್ಕಿದ್ದು ನಾನೇ ಕೇಳ್ಕತೀನಿ."

ಮಾವ ತಲೆಯಾಡಿಸಿದರು. ಟೀ ಅಂಗಡಿಯಲ್ಲಿ ಅವರು ತಮ್ಮನಿಗೆ ಹೇಳಿದ್ದು, ಆಮೇಲೆ ಅವರೇ ಒಪ್ಪಿಕೊಂಡ ಪ್ರಕಾರ, ಇಷ್ಟು: "ನಾಳೆ ನಮ್ಮವ್ಳು ನಿಮ್ಮನೇಗೆ ಬತ್ತಾಳೆ ಕಣ್ಲಾ. ಮಣೆ ಹಾಕ್ಬೇಕಂತೆ." ಮಣೆ ಅಂದರೆ ಏನೆಂದು ನಮ್ಮ ಮನೆಯ ಹಸುವಿಗೂ ಗೊತ್ತಿತ್ತು, ಆ ಮನೆಯವರಿಗೆ ಗೊತ್ತಿರಲಿಲ್ಲ ಎಂಬುದು ಮಾವನಿಗೆ ಹೊಳೆಯಲಿಲ್ಲ. ಸೋಮಯ್ಯನವರು ಇನ್ನಷ್ಟು ಉಳಿತಾಯ ಮಾಡಿ ಹೆಂಡತಿಗೆ ತಲುಪಿಸಿದರು: "ನಾಳೆ ಅತ್ತಿಗೆ ಬತ್ತಾವ್ರೆ. ಮಣೆ ಹಾಕು ಅಂದವ್ರೆ."

ಭಾನುವಾರ ಅತ್ತೆ ಒಳ್ಳೆಯ ಸೀರೆ ಉಟ್ಟರು, ಬರಿಗೈಲಿ ಹೋಗಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದರು. ಹಿಂದೆ ಅಶೋಕ್, ಕಂಕುಳಲ್ಲಿ ಬಿಳಿ ಹಲಗೆ. ಅವನ ಹಿಂದೆ ನಾನು, ಕೈಯಲ್ಲಿ ತಂತಿಯ ಸುರುಳಿ. ದಿಬ್ಬ ಹತ್ತುವಾಗ ಅತ್ತೆ ಕೇಳಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು, ಒಂದೊಂದು ಸಲವೂ ಅದು ಇನ್ನಷ್ಟು ಬಿರುಸಾಗುತ್ತಿತ್ತು.

ಚಿಕ್ಕತ್ತೆ ತಲೆಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ನೀರಿನ ಚೊಂಬು. ಕಣ್ಣು ಆಗಲೇ ಕೆಂಪಾಗಿತ್ತು.

"ಬಾ ಅಕ್ಕ. ಕಾಲಿಗೆ ನೀರ್ ತಗಾ."

ಅತ್ತೆ ಚೊಂಬಿಗೆ ಕೈ ಚಾಚಲಿಲ್ಲ. "ಕೂರಕ್ಕೆ ಬಂದಿಲ್ಲ ನಾನು. ಒಂದ್ ಮಾತ್ ಕೇಳಕ್ಕೆ ಬಂದೆ. ನಮ್ ಮಣೆ..."

"ಹಾಕಿವ್ನಿ ಅಕ್ಕ! ಬೆಳಿಗ್ಗೇನೇ ಹಾಕಿವ್ನಿ. ಬಾ, ಒಳೀಕ್ ಬಾ."

ನಾವು ಮೂವರೂ ಒಳಗೆ ನೋಡಿದೆವು. ಡೈನಿಂಗ್ ಟೇಬಲ್ಲನ್ನು ಗೋಡೆಗೆ ಸರಿಸಿ, ಒರೆಸಿದ ನೆಲದ ನಡುವೆ ಹಳೆಯ ಹಲಸಿನ ಮರದ ಮಣೆ ಹಾಕಿತ್ತು. ಅದರ ಮುಂದೆ ಅಗಲವಾದ ಬಾಳೆಲೆ, ಸುತ್ತ ರಂಗೋಲಿಯ ಎಳೆ. ಅಡುಗೆ ಮನೆಯಿಂದ ನಾಟಿ ಕೋಳಿ ಸಾರಿನ ಘಮ. ಸೋಮಯ್ಯನವರು ಬಾಗಿಲ ಮರೆಯಲ್ಲಿ ಹೊಸ ಪಂಚೆ ಉಟ್ಟು ನಿಂತಿದ್ದರು, ಮಗಳ ಮದುವೆ ಮಾಡುವವರ ಹಾಗೆ.

ಅಶೋಕ್ ಬಾಯಿ ತೆರೆದ. "ಚಿಕ್ಕವ್ವ, ಆ ಮಣೆ ಅಲ್ಲ..."

ನಾನು ಅವನ ಪಾದವನ್ನು ಬಲವಾಗಿ ತುಳಿದೆ. ಅವನು ಮಾತನ್ನು ನುಂಗಿಕೊಂಡ.

ಅತ್ತೆ ಆ ಎಲೆಯನ್ನೇ ನೋಡುತ್ತ ನಿಂತುಬಿಟ್ಟರು. ‘ಇದಕ್ಕಲ್ಲ ಬಂದದ್ದು’ ಎಂದು ಹೇಳಿ ತಿರುಗಿದರೆ ಎಲ್ಲ ಮುಗಿಯಿತು, ನಾಳೆ ಸಂಜೆಯ ಮೈಸೂರು ಬಸ್ಸೇ ನನಗೆ ಗತಿ. ಹೇಳಲಿಲ್ಲ. ಚೊಂಬು ತೆಗೆದುಕೊಂಡರು, ಕಾಲು ತೊಳೆದರು, ಒಳಗೆ ಹೋಗಿ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಮಣೆಯ ಮೇಲೆ ಕೂತರು. ಚಿಕ್ಕತ್ತೆ ಮುದ್ದೆ ಇಟ್ಟರು, ಸಾರು ಬಿಟ್ಟರು. ಅತ್ತೆ ಮೊದಲ ತುತ್ತು ಮುರಿದು ಬಾಯಿಗಿಟ್ಟರು.

"ಇಷ್ಟ್ ವರ್ಸ ಬೇಕಾಯ್ತಾ ಅಕ್ಕ, ನನ್ ಮನೆ ಅನ್ನ ಮುಟ್ಟಕ್ಕೆ?" ಚಿಕ್ಕತ್ತೆ ಸೌಟು ಹಿಡಿದುಕೊಂಡೇ ಅಳತೊಡಗಿದರು.

"ನೀನು ಕರೀನಿಲ್ಲ."

"ಕರಿಯಾದಾ? ಮನೇರ್ನ ಯಾರಾರ ಊಟಕ್ಕೆ ಕರೀತಾರಾ? ನೆಂಟರ್ನ ಕರೀತಾರೆ! ನೀನು ಸೆರಗು ಸಿಕ್ಕುಸ್ಕೊಂಡು ಬಡ್ಸಕ್ಕೆ ಬತ್ತೀಯ ಅಂತ ಪಾಯ್ಸದ ಸೌಟು ಯಾರ ಕೈಗೂ ಕೊಡ್ದೆ ಎತ್ತಿ ಮಡಗಿದ್ದೆ ಕಣಕ್ಕ. ಪಂಕ್ತಿ ಮೇಲೆ ಪಂಕ್ತಿ ಎದ್ದೋಯ್ತು, ನೀನು ಜಗಲಿ ಬುಟ್ಟು ಅಲ್ಲಾಡ್ನಿಲ್ಲ. ನಾನು ಹೊಸ ಮನೆ ಕಟ್ಟಿದ್ದು ಅಕ್ಕಂಗೆ ಹೊಟ್ಟೆ ಉರಿ ಅಂದ್ಕಂಡೆ."

"ನಾನು..." ಅತ್ತೆಯ ಕೈಯ ತುತ್ತು ಎಲೆಗೇ ಇಳಿಯಿತು. "ನಾನು, ನೀನು ಬಂದು ಕೈ ಹಿಡ್ದು ಎಬ್ಬುಸ್ತೀಯ ಅಂತ ಕುಂತಿದ್ದೆ ಕಣೇ ಬೋರಿ."

ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬರು ಮರ್ಯಾದೆಗೆ ಕಾಯುತ್ತ ಹೊರಗೆ ಕೂತಿದ್ದರು. ಇನ್ನೊಬ್ಬರು ಸಲಿಗೆಗೆ ಕಾಯುತ್ತ ಒಳಗೆ ನಿಂತಿದ್ದರು. ಕಿವಿ ಕೇಳದವರ ಮಾತನ್ನು ದಾಟಿಸಿ ಸಂಬಳ ತೆಗೆದುಕೊಳ್ಳುವ ನಾನು ಒಂದು ವರ್ಷದಿಂದ ಇವರಿಬ್ಬರ ನಡುವೆಯೇ ಓಡಾಡುತ್ತಿದ್ದೆ, ಒಂದು ಮಾತೂ ದಾಟಿಸಿರಲಿಲ್ಲ. ನಾಚಿಕೆಯಾಯಿತು. ಖುಷಿ ಅದಕ್ಕಿಂತ ಹೆಚ್ಚಾಯಿತು.

ಆಗಲೇ ಚಿಕ್ಕತ್ತೆಯ ಕಣ್ಣು ಅಶೋಕನ ಕಂಕುಳಿಗೆ ಬಿತ್ತು.

"ಅದೇನ್ಲಾ ಅದು, ಬೆಳ್ಳಗೆ?"

ಅಶೋಕ್ ನನ್ನ ಮುಖ ನೋಡಿದ. ಈ ಸಲ ತುಳಿಯಲು ಪಾದ ದೂರವಿತ್ತು. "ಇದು... ಇದೇ ಚಿಕ್ಕವ್ವ ಮಣೆ ಅಂದ್ರೆ. ಮೇಘನಂಗೆ ನೆಟ್ಟು. ನಿಮ್ ತಾರ್ಸಿ ಮೇಲೆ ಒಂದ್ ಜಾಗ ಕೇಳವಾ ಅಂತ ಬಂದೋ..."

ಚಿಕ್ಕತ್ತೆಯ ಮುಖದಿಂದ ಬೆಳಕು ಇಳಿದುಹೋಯಿತು. ಬಿಳಿ ಹಲಗೆ ನೋಡಿದರು, ಹಲಸಿನ ಮಣೆ ನೋಡಿದರು, ಗಂಡನ ಕಡೆ ನೋಡಿದರು. ಗಂಡ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

"ಓ, ಇದುಕ್ಕಾ ನೀನು ಬಂದುದ್ದು?" ಎಂದರು ಚಿಕ್ಕತ್ತೆ, ಸಣ್ಣ ದನಿಯಲ್ಲಿ.

ಅತ್ತೆ ತಲೆ ಎತ್ತಿದರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ, ಅದು ಬರುತ್ತಿದ್ದರೆ ನಮ್ಮ ಮನೆಯಲ್ಲಿ ಅರ್ಧ ಜಗಳ ಇರುತ್ತಿರಲಿಲ್ಲ.

"ಬಂದುದ್ದು ಅದುಕ್ಕೇ. ಕುಂತುದ್ದು ಅದುಕ್ಕಲ್ಲ ಕಣೇ" ಎಂದರು. "ಸೌಟು ಹಿಡ್ಕಂಡು ಏನ್ ನಿಂತಿದ್ದೀಯ, ಒಸಿ ಸಾರ್ ಬುಡು. ಉಪ್ಪು ಕಮ್ಮಿ ಆಗೈತೆ."

ಚಿಕ್ಕತ್ತೆ ಸಾರು ಬಿಟ್ಟರು. ಆಮೇಲೆ ಬಂತು ನೋಡಿ ನಗು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗು. "ಉಪ್ಪು ಕಮ್ಮಿ ಅಂತೆ! ಮನೇರ ಮಾತು ಈಗ್ ಬಂತು ನೋಡು! ಲೇ ಅಶೋಕ, ಮಗ ಮೇಘನ, ನೀವೂ ಕುಂತ್ಕಳಿ. ಕರೀಬೇಕಾ ನಿಮ್ಗೂ?"

ಊಟವಾದ ಮೇಲೆ ಎಲ್ಲರೂ ತಾರಸಿ ಹತ್ತಿದೆವು. ಫೋನು ಎತ್ತಿ ಸುತ್ತ ತಿರುಗಿಸಿದರೆ ನೀಲಿಯೋ ನೀಲಿ. ಈಶಾನ್ಯದ ಮೂಲೆಯಲ್ಲಂತೂ ಕೆಂಪಿನ ಚುಕ್ಕೆಯೂ ಇರಲಿಲ್ಲ. ಅಶೋಕ್ ಅಲ್ಲೇ ಕಂಬಿ ಕೂರಿಸೋಣ ಎಂದ. ಸೋಮಯ್ಯನವರು ಆ ದಿನದ ಮೊದಲ ಮಾತು ಆಡಿದರು.

"ದೇವಮೂಲೆ ಕಣ್ಲಾ ಅದು. ಅಲ್ಲಿ ಭಾರ ಇಡ್ಬಾರ್ದು. ನೀರಿನ್ ಟ್ಯಾಂಕೇ ಇಟ್ಟಿಲ್ಲ ನಾನು."

ಅತ್ತೆ ಅಶೋಕನ ಕೈಯಿಂದ ಹಲಗೆ ಕಿತ್ತುಕೊಂಡು ವಾರಗಿತ್ತಿಯ ಕೈಗೆ ಕೊಟ್ಟರು. "ಹಿಡ್ದು ನೋಡು ಬೋರಿ. ಇದೂ ಒಂದು ಭಾರಾನಾ?"

ಚಿಕ್ಕತ್ತೆ ಕೂಸನ್ನು ಎತ್ತಿ ಆಡಿಸುವಂತೆ ಎರಡು ಸಲ ಮೇಲೆ ಕೆಳಗೆ ಮಾಡಿದರು. "ಒಂದ್ ಮೊರ ರಾಗಿ ಅಷ್ಟೂ ಇಲ್ಲ. ಅಲ್ಲಾ ರೀ, ಆಕಾಸ್ದಿಂದ ಇಳಿಯಾದು ದೇವಮೂಲೇಗ್ ಬರ್ದೆ ಬಚ್ಚಲು ಮೂಲೇಗ್ ಬಂದಾದಾ? ಸುಮ್ನಿರಿ."

ಇಬ್ಬರು ಹೆಂಗಸರು ಒಂದಾದ ಮೇಲೆ ಗಂಡಸರಿಗೆ ಏನು ಉಳಿಯಿತು? ಕಂಬಿ ದೇವಮೂಲೆಯಲ್ಲೇ ಕೂತಿತು. ಕಂಬಿಗೆ ಅರಿಶಿನ ಕುಂಕುಮ ಹಚ್ಚಿದ್ದು ಚಿಕ್ಕತ್ತೆ. ಮಣೆ ಎಷ್ಟು ವಾಲಬೇಕು ಎಂದು ಆ್ಯಪ್ ಹೇಳಿದ ಮೇಲೂ ಇಬ್ಬರೂ ಒಂದೊಂದು ಕಡೆ ಹಿಡಿದು, ‘ಒಸಿ ನಿನ್ ಕಡೆ’, ‘ಅಲ್ಲ, ನಿನ್ ಕಡೆ’ ಎಂದು ಅಶೋಕನ ಪ್ರಾಣ ತೆಗೆದರು. ಇಳಿದು ಬರುವಾಗ ಅತ್ತೆ, ಅನುಭವಸ್ಥರ ಗತ್ತಿನಲ್ಲಿ, "ಇದ್ರ ಮೇಲೆ ಸಂಡಿಗೆ ಮಾತ್ರ ಇಡ್ಬೇಡ ಬೋರಿ, ನೆಟ್ಟು ಓಯ್ತದೆ" ಎಂದು ಎಚ್ಚರಿಸಿದರು.

ಸೋಮವಾರ ಬೆಳಿಗ್ಗೆ ಕರೆ ಬಂತು. ನಾಗಮಂಗಲದ ಕಡೆಯ ಹೆಣ್ಣುಮಗಳು ಸುಮ, ತುಂಬು ಬಸುರಿ, ಕಿವಿ ಕೇಳದು. ಪಕ್ಕದಲ್ಲಿ ಅವಳ ಡಾಕ್ಟರು. ಇನ್ನೊಂದು ಚೌಕದಲ್ಲಿ ಶಂಕರ್ ಸರ್, ಕೈಯಲ್ಲಿ ಕಾಫಿ. ನಾನು ಮನಸ್ಸಿನಲ್ಲೇ ದೇವಮೂಲೆಗೆ ಕೈಮುಗಿದು ಶುರು ಮಾಡಿದೆ.

ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು, "ಮಗುವಿನ ಎದೆಬಡಿತ ಚೆನ್ನಾಗಿದೆ" ಎಂದರು. ಅದನ್ನು ಹೇಳಿದೆ. ಸುಮ ಕೈಯಲ್ಲಿ ಕೇಳಿದಳು: ಅದು ಹೇಗೆ ಕೇಳಿಸುತ್ತದೆ?

ಅದನ್ನು ಬಾಯಲ್ಲಿ ಹೇಳಿದೆ, ಡಾಕ್ಟರು ಯಂತ್ರದ ದನಿಯನ್ನು ಜೋರು ಮಾಡಿದರು. ಕುದುರೆ ಓಡಿದಂಥ ಸದ್ದು ನನ್ನ ಕೋಣೆ ತುಂಬಿತು. ನಾನು ಮುಷ್ಟಿ ಕಟ್ಟಿ ನನ್ನ ಎದೆಗೆ ಅದೇ ಲಯದಲ್ಲಿ ಬಡಿದುಕೊಂಡೆ, ಬೇಗ ಬೇಗ, ಸಣ್ಣದಾಗಿ, ತಪ್ಪದೆ. ಒಂದು ಬಡಿತವೂ ನಿಲ್ಲಲಿಲ್ಲ, ಒಂದೂ ಹಾರಲಿಲ್ಲ. ಸುಮ ತನ್ನ ಮುಷ್ಟಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನನ್ನ ಜೊತೆಗೇ ಬಡಿದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದೂ ನನಗೆ ಸ್ಪಷ್ಟವಾಗಿ ಕಂಡಿತು.

ಅಷ್ಟರಲ್ಲಿ ಕಿಟಕಿಯಾಚೆ ಗಲಾಟೆ ಎದ್ದಿತು. ಆ ತಾರಸಿಯಿಂದ ಒಂದು ಗಂಟಲು, ಈ ಅಂಗಳದಿಂದ ಇನ್ನೊಂದು. ಹುಣಸೆಹಣ್ಣಿಗೆ ಉಪ್ಪು ಎಷ್ಟು ಹಾಕಿ ಇಡಬೇಕು ಎಂಬ ವಿಚಾರ.

"ಏನಮ್ಮಾ, ಅಲ್ಲಿ ಯಾರೋ ಹೊಡೆದಾಡ್ತಿದ್ದಾರಾ?" ಡಾಕ್ಟರು ಗಾಬರಿಯಾದರು.

"ಇಲ್ಲ ಡಾಕ್ಟ್ರೇ. ನಮ್ಮತ್ತೆಯರು, ಮಾತಾಡ್ತಿದ್ದಾರೆ."

ಆಡಿದ್ದನ್ನೆಲ್ಲ ದಾಟಿಸಬೇಕು ಎಂಬುದು ನಮ್ಮ ಕೆಲಸದ ನಿಯಮ. ಸುಮಳಿಗೂ ಹೇಳಿದೆ: ಹೊರಗೆ ಇಬ್ಬರು ಹೆಂಗಸರು, ಬಹಳ ವರ್ಷದ ಮಾತು, ಒಟ್ಟಿಗೇ ಆಡುತ್ತಿದ್ದಾರೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕರೆ ಮುಗಿದ ಮೇಲೆ ಶಂಕರ್ ಸರ್ ಉಳಿದರು. "ಚಿತ್ರ ಎಲ್ಲೂ ನಿಲ್ಲಲಿಲ್ಲ. ನೀವು ಅಲ್ಲಿಂದಲೇ ಮಾಡಿ ಮೇಘನ. ಆದ್ರೆ ಆ ಸದ್ದಿಗೆ ಏನಾದ್ರೂ ಮಾಡಕ್ಕಾಗುತ್ತಾ?"

"ಅದಕ್ಕೆ ಏನೂ ಮಾಡಲ್ಲ ಸರ್. ಕಿಟಕಿಗೆ ಬೇಕಾದ್ರೆ ಕಂಬಳಿ ಕಟ್ತೀನಿ" ಎಂದೆ.

ಓಡಿಹೋಗಿ ಅತ್ತೆಗೆ ಹೇಳಿದೆ. ಕೈಯಲ್ಲಿದ್ದ ಹುಣಸೆಹಣ್ಣಿನ ಉಂಡೆ ಹಾಗೇ ಬಿಟ್ಟು, ಅಂಟು ಕೈಯಲ್ಲೇ ನನ್ನ ಮುಖ ಹಿಡಿದುಕೊಂಡರು. ಆಮೇಲೆ ತಿರುಗಿ, ಊರಿಗೆಲ್ಲ ಕೇಳುವಂತೆ ತಾರಸಿಯ ಕಡೆ ಕೂಗಿದರು.

"ಬೋರೀ! ನಮ್ ಮಗ ಎಲ್ಲೂ ಓಗಕಿಲ್ವಂತೆ ಕಣೇ!"

ಮೇಲಿನಿಂದ ಉತ್ತರ ಬರಲು ತಡವಾಗಲಿಲ್ಲ.

"ಎಂಗ್ ಓದಾಳು? ಅವ್ಳ ಮಣೆ ನಮ್ಮನೇಲೈತೆ!"